ಸೋಣನ ವೀಣೆ, ಸೋಣನ ಪಾದರಕ್ಷೆ

 
ಇಂದಿನ ಧಮ್ಮ ಚಿಂತನೆ



ಡಿಸೆಂಬರ್ 6, ಜನವರಿ 1, ಏಪ್ರಿಲ್ 14, ಬುದ್ಧ ಪೂರ್ಣಿಮೆ, ಅಕ್ಟೋಬರ್ 14. ನಮ್ಮ ಈ ಯಾವ ದಿನವೂ ಹಾಡಿಲ್ಲದೆ ಮುಗಿಯುವುದಿಲ್ಲ. ಭಾಷಣಕಾರರು ತಡವಾಗಿ ಬಂದರೂ ನಡೆಯುತ್ತದೆ, ಹಾಡುವ ಹುಡುಗ ಮಾತ್ರ ಮೈಕ್ ಕಟ್ಟುವ ಮೊದಲೇ ಬಂದಿರಬೇಕು. ಅವನಿಗೆ ಕಂಪನಿಯಿಲ್ಲ, ಮ್ಯಾನೇಜರ್ ಇಲ್ಲ. ತಾನೇ ಬರೆದು, ತಾನೇ ಧಾಟಿ ಕೂಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿ, ನಮ್ಮಂಥ ಹತ್ತಾರು ಗ್ರೂಪಿಗೆ ಲಿಂಕ್ ಕಳಿಸುವವನೂ ಅವನೇ. ನಮ್ಮ ಕೆಲಗೇರಿ ಕಡೆಯ ಅಂಥ ಒಬ್ಬ ಮೊನ್ನೆ ಕೇಳಿದ: “ಅಕ್ಕಾರ, ಹಾಡು ಕಟ್ಟಾಕ ಕುಂತ್ರ ಏನೂ ಹುಟ್ಟವಲ್ದು. ಸುಮ್ನ ಕುಂತ್ರ ಸಮಾಜಕ್ಕ ದ್ರೋಹ ಮಾಡಿದಂಗ ಅನಸ್ತದ. ಇದು ತಪ್ಪೇನ್ರಿ?”

ನಿದ್ದೆ, ಊಟದ ಬಗ್ಗೆ ಕೇಳಿದ್ದರೆ ಡಾಕ್ಟರ ಹತ್ತಿರ ಕಳಿಸಬಹುದಿತ್ತು. ಅವನು ಕೇಳಿದ್ದು ತಪ್ಪು-ಸರಿಯ ಪ್ರಶ್ನೆ. ಇದನ್ನು ನಾವೇ ಕೂತು ಯೋಚಿಸಬೇಕು.

ಸೋಣ ಕೋಳಿವಿಸನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಚಂಪಾನಗರದ ಸಿರಿವಂತರ ಮಗ, ಮೆತ್ತನೆಯ ಪಾದದವನು. ಭಿಕ್ಖುವಾದ ಮೇಲೆ ರಾಜಗೃಹದ ಹತ್ತಿರದ ಸೀತವನದಲ್ಲಿ ನಡಿಗೆಯ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು, ಹಾದಿಯೆಲ್ಲ ರಕ್ತವಾಯಿತು. ಇಷ್ಟು ಶ್ರಮಪಟ್ಟರೂ ಚಿತ್ತ ಬಿಡುಗಡೆಯಾಗಲಿಲ್ಲ, ಮನೆಗೇ ಮರಳಿ ದಾನಧರ್ಮ ಮಾಡಿಕೊಂಡಿರೋಣ ಎಂದುಕೊಂಡ. ಆಗ ಭಗವಾನ್ ಬುದ್ಧರು ಬಂದು ಅವನಿಗೆ ಗೊತ್ತಿದ್ದ ವಿದ್ಯೆಯಿಂದಲೇ ಮಾತು ಶುರುಮಾಡಿದರು. ಸೋಣ ವೀಣೆ ನುಡಿಸುವುದರಲ್ಲಿ ಜಾಣ. ತಂತಿ ಬಹಳ ಬಿಗಿಯಾದರೆ ನಾದ ಬರುತ್ತದೆಯೇ, ಬಹಳ ಸಡಿಲಾದರೆ ಬರುತ್ತದೆಯೇ ಎಂದು ಕೇಳಿ, ವೀರ್ಯವೂ ಹಾಗೆಯೇ, ಅದಕ್ಕೊಂದು ಸಮತೆ ಬೇಕು ಎಂದು ತಿಳಿಸಿದರು. ಸಮ್ಮಾ ವಾಯಾಮ ಎಂದರೆ ಬರೀ ಹೆಚ್ಚು ಪ್ರಯತ್ನ ಅಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಉಪನ್ಯಾಸಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನನಗೆ ಅದು ಸಾಲದು. ತಂತಿ ಸಡಿಲಿಸಿಕೋ ಎಂದು ಹೇಳುವುದು ಸುಲಭ. ಸಡಿಲಿಸಿದ ದಿನಗಳಲ್ಲಿ ಒಲೆ ಹೊತ್ತಿಸುವವರು ಯಾರು?

ನಮ್ಮ ನಾಡಿನದೇ ಒಂದು ಉದಾಹರಣೆ ನೋಡೋಣ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಮಕಾಳಿಮಠ, ಅಂದರೆ ಕುಮಾರ ಗಂಧರ್ವರು, ಬಾಲ್ಯದಲ್ಲೇ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ ಹಾಗೆಯೇ ಹಾಡಿ ಹೆಸರಾದವರು. ಇಪ್ಪತ್ತೈದು ತುಂಬುವ ಹೊತ್ತಿಗೆ ಕ್ಷಯ ಬಂತು. ಮಧ್ಯಭಾರತದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು, ಹಾಡಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಮಲಗಿದಲ್ಲೇ ಅವರು ಮಾಳವದ ಹಳ್ಳಿಗರ ಹಾಡುಗಳಿಗೆ ಕಿವಿಗೊಟ್ಟರು. 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆಗೆ ಬಂದಾಗ ಆ ಜನಪದ ಧಾಟಿಗಳಿಂದ ಹುಟ್ಟಿದ ಹೊಸ ರಾಗಗಳು ಅವರ ಬಳಿ ಇದ್ದವು. ಮುಂದೆ ಕಬೀರರ ನಿರ್ಗುಣ ಪದಗಳನ್ನು ಅವರಷ್ಟು ಮನಮುಟ್ಟುವಂತೆ ಹಾಡಿದವರು ಕಡಿಮೆ. ಬಾಬಾಸಾಹೇಬರು ತಮ್ಮ ಮೂವರು ಗುರುಗಳಲ್ಲಿ ಒಬ್ಬರೆಂದು ಹೇಳಿಕೊಂಡ ಅದೇ ಕಬೀರರು.

ಇದನ್ನು ಹೇಳಿ ‘ನೋಡು, ಮೌನದಿಂದ ಎಷ್ಟು ಒಳ್ಳೆಯದಾಯಿತು’ ಎಂದು ಹುಡುಗನ ಬೆನ್ನು ತಟ್ಟುವುದು ನನಗಿಷ್ಟವಿಲ್ಲ. ಕ್ಷಯ ಒಳ್ಳೆಯದಲ್ಲ. ಅವರು ಬದುಕಿದ್ದು ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್‌ನಿಂದ, ಪತ್ನಿ ಭಾನುಮತಿಯವರ ಆರೈಕೆಯಿಂದ. ಅವರ ಮೌನದ ಹಿಂದೆ ಬೇರೆಯವರ ದುಡಿಮೆ ಇತ್ತು ಎಂಬುದನ್ನು ಮರೆತರೆ ಕಥೆ ಅರ್ಧವೇ.

ಇನ್ನು ನಮ್ಮ ಹಿರಿಯರಿಗೆ ಬರೋಣ. ಊರ ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ಹಲಗೆ ಬಾರಿಸಿದ ಕೈಗಳಿಗೆ ‘ಇವತ್ತು ಆಗೂದಿಲ್ಲ’ ಎನ್ನುವ ಹಕ್ಕು ಇರಲಿಲ್ಲ. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಅಲ್ಲಿ ವತನದ ಚಾಕರಿ ಎಂದರೆ ಹಗಲು ರಾತ್ರಿ ಎನ್ನದೆ ಕರೆದಾಗ ಹಾಜರಾಗುವುದು, ಅವನಿಲ್ಲದಿದ್ದರೆ ಅಪ್ಪನೋ ಮನೆಯ ಇನ್ನೊಬ್ಬರೋ ಹೋಗುವುದು. ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಇದರ ವಿರುದ್ಧವೇ. ಅನೇಕ ಊರುಗಳಲ್ಲಿ ನಮ್ಮವರು ಹಲಗೆಯನ್ನೇ ಕೆಳಗಿಟ್ಟರು. ವಾದ್ಯದ ಮೇಲಿನ ಸಿಟ್ಟಿಗಲ್ಲ, ಇಲ್ಲ ಎನ್ನುವ ಹಕ್ಕಿಗಾಗಿ. (ಈಗ ಕೆಲವರು ಮತ್ತೆ ಅದನ್ನು ಸ್ವಂತ ಇಷ್ಟದಿಂದ ಎತ್ತಿಕೊಂಡಿದ್ದಾರೆ, ಅದು ಬೇರೆ ಸಂತೋಷ.)

ಅಂಥ ಹಿರಿಯರ ಮೊಮ್ಮಗ ‘ಈ ಸಲ ಹೊಸ ಹಾಡಿಲ್ಲ’ ಎನ್ನಲು ಹೆದರುತ್ತಾನೆ ಎಂದರೆ ನಾವು ಸ್ವಲ್ಪ ತಿರುಗಿ ನೋಡಿಕೊಳ್ಳಬೇಕು. ವಾರಕ್ಕೊಂದು ಹಾಡು ಹಾಕದಿದ್ದರೆ ಜನ ಮರೆಯುತ್ತಾರೆಂಬ ಭಯ ಒಂದು ಕಡೆ. ‘ನಮ್ಮ ಹುಡುಗನೇ ತಾನೆ’ ಎಂದು ಬಸ್ಸಿನ ಖರ್ಚೂ ಕೊಡದೆ ಕಳಿಸುವ ಜಯಂತಿ ಸಮಿತಿಗಳು ಇನ್ನೊಂದು ಕಡೆ. ಶಾಲು ಹೊದಿಸುತ್ತೇವೆ, ನಿಜ. ಅವನ ಮನೆಯಲ್ಲಿ ಶಾಲುಗಳೇ ಒಂದು ಟ್ರಂಕಿನಷ್ಟಿರಬಹುದು.

ಚಳವಳಿಗೆ ಎಲ್ಲಿಯ ರಜೆ, ಬಾಬಾಸಾಹೇಬರು ವಿಶ್ರಾಂತಿ ತಗೊಂಡರೇ ಎಂದು ಯಾರಾದರೂ ಕೇಳಬಹುದು. ದೇಹ ಸೋತಾಗಲೂ ಅವರು ಬರೆದರು, ಅದಕ್ಕೆ ನಾವು ಋಣಿಗಳು. ಆದರೆ ಅದೇ ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತರು. ಅದು ಯಾವ ಸಭೆಗಾಗಿಯೂ ಅಲ್ಲ. ತಮ್ಮ ಆರೋಗ್ಯವನ್ನೇ ಕೊಟ್ಟದ್ದು ಅವರ ನಿರ್ಧಾರ. ಇನ್ನೊಬ್ಬನ ಆರೋಗ್ಯವನ್ನು ಕೇಳುವ ಹಕ್ಕು ಅದರಿಂದ ನಮಗೆ ಬರುವುದಿಲ್ಲ.

ಸೋಣನ ಕಥೆಯ ಉಳಿದರ್ಧ ವಿನಯ ಪಿಟಕದ ಮಹಾವಗ್ಗದಲ್ಲಿದೆ. ಅವನ ಪಾದ ನೋಡಿ ಭಗವಾನರು ಒಂದೇ ಪದರದ ಪಾದರಕ್ಷೆ ಹಾಕಿಕೊಳ್ಳಲು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಎಂಬತ್ತು ಗಾಡಿ ಹೊನ್ನು ಬಿಟ್ಟು ಬಂದವನು ಈಗ ಪಾದರಕ್ಷೆಗೆ ಆಸೆಪಟ್ಟ ಎಂದು ಜನ ಆಡಿಕೊಳ್ಳುತ್ತಾರೆ, ಇಡೀ ಸಂಘಕ್ಕೆ ಅನುಮತಿಯಿದ್ದರೆ ಮಾತ್ರ ನಾನೂ ಹಾಕಿಕೊಳ್ಳುತ್ತೇನೆ ಎಂದ. ಭಗವಾನರು ನಿಯಮವನ್ನೇ ಬದಲಿಸಿ ಎಲ್ಲ ಭಿಕ್ಖುಗಳಿಗೂ ಅನುಮತಿಸಿದರು. ತಂತಿ ಹದ ಮಾಡಿಕೊಳ್ಳುವುದು ಸೋಣನ ಕೆಲಸ, ಪಾದರಕ್ಷೆಯ ನಿಯಮ ಸಂಘದ ಕೆಲಸ. ಎರಡೂ ಒಂದೇ ಕಥೆಯಲ್ಲಿವೆ.

ಹುಡುಗನಿಗೆ ನನ್ನ ಉತ್ತರ: ತಪ್ಪಲ್ಲ. ಮಳೆಗಾಲ ಮುಗಿಯುವ ತನಕ ಏನೂ ಹಾಕಬೇಡ. ಬೇಕೆನಿಸಿದರೆ ಕೆರೆ ದಂಡೆಯಲ್ಲಿ ನಡೆದಾಡು, ಅಜ್ಜಿಯ ಬೀಸುವ ಪದ ಕೇಳು, ಅದನ್ನು ರೆಕಾರ್ಡ್ ಮಾಡಲೇಬೇಕೆಂದಿಲ್ಲ. ಸಮಿತಿಯ ಹಿರಿಯರಿಗೆ ನನ್ನ ವಿನಂತಿ: ಮುಂದಿನ ಜಯಂತಿಯ ಪಟ್ಟಿಯಲ್ಲಿ ಪೆಂಡಾಲ್, ಊಟದ ಸಾಲಿನ ಜೊತೆಗೇ ಹಾಡುಗಾರರ ಗೌರವಧನ ಎಂದೂ ಬರೆಯಿರಿ, ಮೊತ್ತವನ್ನು ಅವರನ್ನೇ ಕೇಳಿ ಹಾಕಿ. ಭಾನುವಾರದ ವಂದನೆಗೆ ಅವನು ಬರುತ್ತಾನೆ. ದಯವಿಟ್ಟು ಯಾರೂ ‘ಒಂದ ಹಾಡು ಹೇಳಪಾ’ ಅನ್ನಬೇಡಿ.

ಭವತು ಸಬ್ಬ ಮಂಗಲಂ.