ಗೋಡೆಯ ಋಣ

ಬೆಂಗಳೂರಿನ ಮಹಾರಾಣಿ ಕಾಲೇಜು ಶುರುವಾದದ್ದು 1938ರಲ್ಲಿ. ಮೊದಲು ಮೈಸೂರು ವಿಶ್ವವಿದ್ಯಾಲಯದ ಕೆಳಗಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆದ ಮೇಲೆ ಅದಕ್ಕೆ ಸೇರಿತು. ನಾನು ಅಲ್ಲಿ ಬಿ.ಎ. ಓದುವಾಗ ನಮಗೂ ಹುಡುಗರಿದ್ದ ಕಾಲೇಜುಗಳಿಗೂ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಉತ್ತರಪತ್ರಿಕೆಯ ಮೇಲೆ ಬರಿಯ ರಿಜಿಸ್ಟರ್ ನಂಬರು. ಬರೆದವರು ಹೆಣ್ಣೋ ಗಂಡೋ ತಿದ್ದುವವರಿಗೆ ತಿಳಿಯದು. ವಿಶ್ವವಿದ್ಯಾಲಯ ಕೇಳದ ಗೋಡೆಯನ್ನು ಕೇಳಿದವರು ನಮ್ಮ ಮನೆಯವರು. ಟೇಕಲ್ಲಿನಿಂದ ಅಲ್ಲಿಗೆ ಹೋಗುವ ರೈಲಿನ ಡಬ್ಬಿಯಲ್ಲಿ ಗಂಡಸರು ತುಂಬಿರುತ್ತಿದ್ದರು. ಅದು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಗೋಡೆಯೊಳಗೆ ಆದದ್ದು ಮನೆಯವರು ಎಣಿಸಿದ್ದಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರಾಡುವವಳೂ ಹೆಣ್ಣೇ, ಚುನಾವಣೆಯಲ್ಲಿ ಗೆಲ್ಲುವವಳೂ ಹೆಣ್ಣೇ, ಸಮಾರಂಭದ ದಿನ ಬೆಂಚು ಹೊರುವವರೂ ನಾವೇ. ಹಾಜರಿ ಕೂಗಿದಾಗ ದನಿ ಹೊರಡದಿದ್ದವರು ಎರಡನೇ ವರ್ಷಕ್ಕೆ ಲೆಕ್ಚರರ ಜತೆ ವಾದಕ್ಕೆ ನಿಲ್ಲುತ್ತಿದ್ದರು. ಅವರಲ್ಲೇ ಕೆಲವರು ಬಿ.ಎಡ್.ಗೆ ಬಂದು ಹುಡುಗರ ಜತೆ ಕೂತಾಗ ಮತ್ತೆ ಹಿಂದಿನ ಬೆಂಚಿಗೆ ಸರಿದದ್ದನ್ನೂ ಕಂಡಿದ್ದೇನೆ.

ಈಗ ಕೋಲಾರದಲ್ಲೇ ಸರ್ಕಾರಿ ಮಹಿಳಾ ಕಾಲೇಜಿದೆ, 2017ರಲ್ಲಿ ಆದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಓದಿದ್ದ ಹುಡುಗಿಯೊಬ್ಬಳ ತಂದೆ, ಕಲ್ಲುಕೆಲಸದವರು, ಬಂದು ಕೇಳಿದರು: "ಅಲ್ಲಿ ಗಂಡುಹುಡುಗ್ರು ಇರಲ್ವಲ್ಲ ಮೇಡಂ?" ಹತ್ತನೇ ತರಗತಿಯವರೆಗೆ ಹುಡುಗರ ಪಕ್ಕದ ಸಾಲಿನಲ್ಲೇ ಕೂತು ಓದಿದವಳು! "ಇರಲ್ಲಪ್ಪ, ಧೈರ್ಯವಾಗಿ ಕಳಿಸಿ" ಅಂದೆ. ಹುಡುಗಿ ಸೇರಿದಳು.

ಹೇಳಿದ್ದು ಸುಳ್ಳಲ್ಲ. ಆದರೆ ನಾನು ಒಪ್ಪದ ಭಯಕ್ಕೆ ನನ್ನದೂ ಒಂದು ರುಜು ಬಿದ್ದಂತಾಯಿತು. ಹಾಗೆಂದು ಆ ಹೊತ್ತಿನಲ್ಲಿ ಸಮಾನತೆಯ ಪಾಠ ಹೇಳುತ್ತಾ ಕೂತಿದ್ದರೆ? ನನ್ನ ತತ್ವ ಉಳಿಯುತ್ತಿತ್ತು, ಬೆಲೆ ತೆರುವವಳು ಅವಳು. ಇನ್ನೊಬ್ಬರ ಓದನ್ನು ಪಣಕ್ಕಿಟ್ಟು ಕಾಪಾಡಿಕೊಳ್ಳುವ ತತ್ವದಲ್ಲಿ ನನಗೆ ನಂಬಿಕೆಯಿಲ್ಲ.

ತೊಡಕು ಬಂದದ್ದು ಅದೇ ಬೀದಿಯ ಇನ್ನೊಬ್ಬಳಿಂದ. ಅವಳು ಓದಬೇಕೆಂದಿರುವುದು ಹುಡುಗರೂ ಇರುವ ಕಾಲೇಜಿನಲ್ಲಿ. "ಹೆಣ್ಮಕ್ಕಳ ಕಾಲೇಜೇ ಸರಿ ಅಂತ ಮೇಡಮ್ಮನೇ ಅಂದವ್ರೆ" ಎಂದು ಅವಳ ತಂದೆ ಕೂತಿದ್ದಾರೆ. ಒಬ್ಬಳಿಗೆ ಬಾಗಿಲು ತೆಗೆದ ಮಾತೇ ಇವಳಿಗೆ ಅಗುಳಿಯಾಗಿದೆ. ಮೊದಲನೆಯವಳಿಗೆ ಸುಲಭದ ಮಾತು ಆಡಿದ ಮೇಲೆ ಇವಳ ಮನೆಯಲ್ಲಿ ಕಷ್ಟದ ಮಾತು ಆಡುವುದು ನನ್ನ ಪಾಲಿಗೇ ಬಿತ್ತು.

ಎರಡು ಸಲ ಹೋಗಿ ಬಂದಿದ್ದೇನೆ. ಬಸ್ಸಿನಲ್ಲಿ ಗಂಡಸರು ಇರುವುದಿಲ್ಲವೇ ಎಂದೂ ಕೇಳಿದೆ. ತಂದೆ ಇನ್ನೂ ಹೂಂ ಅಂದಿಲ್ಲ. ತಾಯಿ ಅಂದಿದ್ದಾರೆ, ಒಳಗಿನಿಂದ.