ಅದನ್ನ ಮನೇಲಿ ಎಲ್ಲಿಡ್ತೀಯ, ಮಗಾ?



ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ಮೊದಲು ಮಲಯಾಳ ಪೂಜೆ, ಆಮೇಲೆ ತಮಿಳು ಪೂಜೆ, ಕೊನೆಗೆ ನಮ್ಮ ಕನ್ನಡ ಪೂಜೆ. ಕೊನೆಯವರಾದ ನಮಗೆ ಒಂದು ಅನುಕೂಲವಿದೆ. ನಮ್ಮ ಹಿಂದೆ ಯಾರೂ ಕಾಯುತ್ತಿರುವುದಿಲ್ಲ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಬೇಕಾದಷ್ಟು ಹೊತ್ತು ಮಾತನಾಡಬಹುದು. ಕಳೆದ ತಿಂಗಳು ಹಾಗೆ ನಿಂತಾಗ ಬಂದ ಒಂದು ಮಾತೇ ಈ ಬರಹಕ್ಕೆ ಕಾರಣ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗನೊಬ್ಬ ರಜೆಗೆ ಊರಿಗೆ ಬಂದಿದ್ದ. ಗೆಳೆಯರೊಂದಿಗೆ ಟ್ರ್ಯಾಪ್ ಶೂಟಿಂಗ್ ನೋಡಲು ಹೋಗಿ, ಅದರ ರುಚಿ ಹತ್ತಿ, ಈಗ ತನ್ನದೇ ಒಂದು ಕೋವಿ ಕೊಳ್ಳುವ ಯೋಚನೆಯಲ್ಲಿದ್ದಾನೆ. "ಮೊದಲನೇ ಕೋವಿ ಎಂಥದ್ದು ತಗೊಳ್ಳಲಿ?" ಎಂದು ಎಲ್ಲರನ್ನೂ ಕೇಳಿದ. ಅವನ ಅಪ್ಪ ತಡಮಾಡಲಿಲ್ಲ. "ಅಷ್ಟು ದುಡ್ಡು ಹಾಕೋದಾದರೆ ಎಲ್ಲದಕ್ಕೂ ಆಗುವಂಥದ್ದು ತಗೋ. ನಿನ್ನ ಆಟಕ್ಕೂ ಆಗಲಿ, ತೋಟಕ್ಕೆ ನುಗ್ಗೋ ಹಂದಿಗೂ ಆಗಲಿ, ರಾತ್ರಿ ಮನೆ ಕಾವಲಿಗೂ ಇರಲಿ" ಎಂದರು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಕೇಳಿದ್ದು ಒಂದೇ ಮಾತು: "ಅದನ್ನ ಮನೇಲಿ ಎಲ್ಲಿಡ್ತೀಯ, ಮಗಾ?"

ನಾವೆಲ್ಲ ನಕ್ಕೆವು. ಮನೆ ಸೇರಿದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಹುಡುಗ ಕೇಳಿದ್ದು ಸಾಮಾನಿನ ಪ್ರಶ್ನೆ, ಅಪ್ಪ ಹೇಳಿದ್ದು ಸಂಸಾರದ ಲೆಕ್ಕ. ಅಜ್ಜಿ ಕೇಳಿದ್ದು ಮಾತ್ರ ಮನಸ್ಸಾಕ್ಷಿಯ ಪ್ರಶ್ನೆ. ಕೊಲ್ಲಲೆಂದೇ ಹುಟ್ಟಿದ ವಸ್ತುವನ್ನು ಆಟಕ್ಕೆಂದು ಮನೆಗೆ ತರಬಹುದೆ? ತರಬಹುದಾದರೆ ಹೇಗೆ?

ಮೊದಲು ಆಟವೇನೆಂದು ತಿಳಿಯೋಣ. ಟ್ರ್ಯಾಪ್ ಎಂದರೆ ಬೋನು. ಹಿಂದೆ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ತೆರೆದು, ಹಾರುತ್ತಿದ್ದಂತೆ ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನಲ್ಲೂ ಜೀವಂತ ಪಾರಿವಾಳಗಳ ಸ್ಪರ್ಧೆ ನಡೆಯಿತು. ಗೆದ್ದ ಬೆಲ್ಜಿಯಂನ ಲಿಯೋನ್ ದ ಲುಂಡೆನ್ ಒಬ್ಬನೇ 21 ಹಕ್ಕಿಗಳನ್ನು ಹೊಡೆದ. ಅಷ್ಟರಲ್ಲಾಗಲೇ ಬೇರೊಂದು ದಾರಿ ತೆರೆದಿತ್ತು. ಹಕ್ಕಿಯ ಬದಲು ಗಾಜಿನ ಚೆಂಡುಗಳನ್ನು ಎಸೆದು ಹೊಡೆಯುವ ರೂಢಿ ಬಂದಿತ್ತು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ತಟ್ಟೆಯೊಂದಕ್ಕೆ ಪೇಟೆಂಟ್ ಪಡೆದ. ಬ್ರಿಟನ್ 1921ರಲ್ಲಿ ಕಾನೂನು ಮಾಡಿ ಸೆರೆಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು ನಿಲ್ಲಿಸಿತು. ಇಂದಿನ ಗುರಿ ಸುಣ್ಣಕಲ್ಲಿನ ಪುಡಿ ಮತ್ತು ಪಿಚ್ ಬೆರೆಸಿ ಮಾಡಿದ, 110 ಮಿಲಿಮೀಟರ್ ಅಗಲದ ಬಟ್ಟಲು. ಅದಕ್ಕೆ ಈಗಲೂ 'ಮಣ್ಣಿನ ಪಾರಿವಾಳ' ಎಂದೇ ಹೆಸರು.

ಈ ಇತಿಹಾಸ ನಮಗೆ ಮುಖ್ಯವೆನಿಸುತ್ತದೆ. ಮನುಷ್ಯ ತನ್ನ ಸಂತೋಷವನ್ನು ಬಿಡದೆ, ಅದರೊಳಗಿನ ಕ್ರೌರ್ಯವನ್ನು ಮಾತ್ರ ತೆಗೆದುಹಾಕಿದ ಅಪರೂಪದ ಉದಾಹರಣೆ ಇದು. ಪ್ರಾಣಿಗಳನ್ನು ಅನಾವಶ್ಯಕವಾಗಿ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ತಕ್ಕದ್ದಲ್ಲ ಎಂದು ನಮ್ಮ ಧರ್ಮಸಭೆಯ ಬೋಧನೆ ಹೇಳುತ್ತದೆ. ಆ ಅಳತೆಯಲ್ಲಿ ನೋಡಿದರೆ ಹುಡುಗನ ಆಟದಲ್ಲಿ ದೋಷವಿಲ್ಲ. ಕಣ್ಣು, ಕೈ, ಉಸಿರು ಮೂರೂ ಒಂದಾಗಬೇಕಾದ ಕಷ್ಟದ ವಿದ್ಯೆ ಅದು. ಬಿಕಾನೇರಿನ ಕರ್ಣಿ ಸಿಂಗ್ 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಈ ವಿದ್ಯೆಗಾಗಿ ನಿಂತರು, 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. 2006ರಲ್ಲಿ ಮಾನವ್‌ಜಿತ್ ಸಿಂಗ್ ಸಂಧು ವಿಶ್ವ ಚಾಂಪಿಯನ್ ಆದರು.

ಇನ್ನು ಕೋವಿಯ ಮಾತು. ತಿಳಿದವರು ಹೊಸಬರಿಗೆ ಹೇಳುವ ಮೊದಲ ಬುದ್ಧಿ, 'ಜೋರಾದದ್ದನ್ನು ಹುಡುಕಬೇಡ, ನಿನಗೆ ಹೊಂದುವುದನ್ನು ಹುಡುಕು' ಎಂದು. ತೋಟಾ ಕೋವಿಗೆ ರೈಫಲಿನ ಹಾಗೆ ಹಿಂಬದಿಯ ಗುರಿಕಟ್ಟು ಇರುವುದಿಲ್ಲ. ಹೊಡೆಯುವವನ ಕಣ್ಣೇ ಆ ಗುರಿಕಟ್ಟು. ಕೆನ್ನೆ ಆನಿಸುವ ಮರ ತಗ್ಗಾದರೆ ಕಣ್ಣು ತಗ್ಗುತ್ತದೆ, ಎತ್ತರವಾದರೆ ಕಣ್ಣು ಏರುತ್ತದೆ, ಚರೆ ಎಲ್ಲೋ ಹೋಗುತ್ತದೆ. ಟ್ರಿಗರಿನಿಂದ ಹೆಗಲಿಗೆ ತಾಗುವ ತುದಿಯವರೆಗಿನ ಉದ್ದವೂ ಮೈಕಟ್ಟಿಗೆ ತಕ್ಕಂತಿರಬೇಕು. ಖಾಲಿ ಕೋವಿಯನ್ನು, ಖಾಲಿಯೆಂದು ಎರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ ಹೆಗಲಿಗೇರಿಸಬೇಕು. ಕಣ್ಣು ತೆರೆದಾಗ ನೋಟ ನಳಿಗೆಯ ಮೇಲೆ ನೇರವಾಗಿದ್ದರೆ ಅದು ಹತ್ತಿರದ ಅಳತೆ. ಎರಡು ಕಣ್ಣುಗಳಲ್ಲಿ ಯಾವುದು ಯಜಮಾನ ಎಂಬುದನ್ನೂ ಮೊದಲೇ ತಿಳಿದುಕೊಳ್ಳಬೇಕು. ಬಲಗೈಯವನಿಗೆ ಎಡಗಣ್ಣು ಯಜಮಾನನಾಗಿರುವುದುಂಟು.

ಟ್ರ್ಯಾಪಿಗೆ ಹೆಚ್ಚು ಜನ ಆರಿಸುವುದು 12 ಬೋರಿನ, ಒಂದರ ಮೇಲೊಂದು ನಳಿಗೆಯ ಜೋಡುನಳಿಗೆ ಕೋವಿ. ನಳಿಗೆ 30 ಅಥವಾ 32 ಅಂಗುಲ, ತೂಕ ಮೂರೂವರೆ ಕಿಲೋ ಆಸುಪಾಸು. ಅದು ಭಾರ ಇರುವುದಕ್ಕೂ ಕಾರಣವಿದೆ. ಒಂದು ಸುತ್ತಿಗೆ 25 ಗುರಿ, ಒಂದು ದೊಡ್ಡ ಸ್ಪರ್ಧೆಗೆ 125 ಗುರಿ. ಹಗುರ ಕೋವಿಯ ಒದೆತವನ್ನು ಅಷ್ಟು ಸಲ ಹೆಗಲು ತಾಳುವುದಿಲ್ಲ. ಬಟ್ಟಲು ಯಾವಾಗಲೂ ಮೇಲೇರುತ್ತ ದೂರ ಹೋಗುವುದರಿಂದ ಈ ಕೋವಿಯನ್ನು ಗುರಿಗಿಂತ ತುಸು ಮೇಲಕ್ಕೆ ಹೊಡೆಯುವಂತೆಯೇ ಮಾಡಿರುತ್ತಾರೆ. ಚರೆ ಬೇಗ ಚದುರದಂತೆ ನಳಿಗೆಯ ಬಾಯಿ, ಅಂದರೆ ಚೋಕು, ಬಿಗಿಯಾಗಿರುತ್ತದೆ. ಇನ್ನೊಂದು ಗುಣ ನಮಗೆ ಬಹಳ ಹಿಡಿಸಿತು. ಈ ಕೋವಿಯನ್ನು ನಡುವೆ ಬಾಗಿಸಿ ತೆರೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದು ಹತ್ತಿರ ನಿಂತವರಿಗೆಲ್ಲ ಕಾಣುತ್ತದೆ. 'ಖಾಲಿ ಇದೆ, ನನ್ನ ಮಾತು ನಂಬಿ' ಎನ್ನಬೇಕಾಗಿಲ್ಲ. ಹೊಡೆಯುವ ಸರದಿ ಬರುವವರೆಗೆ ಕೋವಿ ತೆರೆದೇ ಇರಬೇಕೆಂಬುದು ಮೈದಾನದ ಶಿಸ್ತು.

ಇದನ್ನೆಲ್ಲ ಕೂಡಿಸಿ ನೋಡಿದಾಗ ಒಂದು ಸಂಗತಿ ಹೊಳೆಯಿತು. ಒಳ್ಳೆಯ ಟ್ರ್ಯಾಪ್ ಕೋವಿ ಬೇರೆ ಕೆಲಸಗಳಿಗೆ ಒಗ್ಗುವುದಿಲ್ಲ. ಉದ್ದ, ಭಾರ. ಕಾಫಿ ಗಿಡಗಳ ನಡುವೆ ಹೊತ್ತು ತಿರುಗಲು ತೊಡಕು. ಅದರ ಚರೆ ಎರಡೂವರೆ ಮಿಲಿಮೀಟರಿನಷ್ಟು ಸಣ್ಣದು. ಬಟ್ಟಲು ಒಡೆಯಲು ಸಾಕು, ಹಂದಿಗೆ ತಗುಲಿದರೆ ಗಾಯಗೊಂಡ ಪ್ರಾಣಿ ನರಳುತ್ತ ಓಡುತ್ತದೆ, ಇಲ್ಲವೆ ಎದುರು ಬಂದವರ ಮೇಲೆ ಎರಗುತ್ತದೆ. ತೋಟಾ ಬದಲಿಸಿದರಾಯಿತು ಎನ್ನಬಹುದು. ಬಿಗಿ ಚೋಕಿನ ನಳಿಗೆಯಲ್ಲಿ ಒಂಟಿಗುಂಡು ಹಾರಿಸುವುದು ಒಳ್ಳೆಯದಲ್ಲ. ಹಾಗಾದರೆ ಎಲ್ಲದಕ್ಕೂ ಆಗುವ ಕೋವಿ ಬೇಕೆಂದವನು ಆಟಕ್ಕೆ ಹೊಂದುವ ಕೋವಿಯನ್ನೇ ಬಿಟ್ಟುಕೊಡಬೇಕಾಗುತ್ತದೆ.

ಆದರೂ ಅಪ್ಪನ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಒಂದೇ ಕತ್ತಿಯಲ್ಲಿ ಸೌದೆ ಸೀಳಿ, ತೆಂಗಿನಕಾಯಿ ಒಡೆದು, ಹಲಸು ಬಿಡಿಸಿ ಬಾಳಿದ ಮನೆಗಳು ನಮ್ಮವು. ಒಂದು ಸಾಮಾನು ಹತ್ತು ಕೆಲಸಕ್ಕೆ ಬರಬೇಕೆಂಬುದು ಬಡತನ ಕಲಿಸಿದ ಜಾಣತನ. ಹಂದಿಯ ಕಾಟವೂ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಮರಗೆಣಸಿನ ಪಾತಿ ಬುಡಮೇಲಾದದ್ದನ್ನು ಕಂಡವರಿಗೆ ಮಣ್ಣಿನ ಬಟ್ಟಲು ಒಡೆಯುವ ಆಟ ಪೇಟೆಯವರ ಸೊಕ್ಕಾಗಿ ಕಂಡರೆ ತಪ್ಪೇನು? ಅದಕ್ಕೆ ಬೇರೆ ದಾರಿಯಿದೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿದೆ. ಅದು ಅಪ್ಪಣೆ ಪಡೆದು, ಪರವಾನಗಿಯುಳ್ಳ ಪಳಗಿದ ಕೈ ಮಾಡಬೇಕಾದ ಕೆಲಸ. ರಜೆಗೆ ಬಂದ ಹುಡುಗ ಕತ್ತಲೆಯಲ್ಲಿ ಮಾಡುವ ಕೆಲಸವಲ್ಲ. ಹಂದಿಯೆಂದು ಹಾರಿಸಿದ ಗುಂಡು ಮನುಷ್ಯನಿಗೆ ತಗುಲಿದ ಸುದ್ದಿ ಈ ಬೆಟ್ಟಗಳಲ್ಲಿ ನಾವು ಕೇಳದ್ದೇನಲ್ಲ.

ಇಲ್ಲಿ ಅಜ್ಜಿಯ ಪ್ರಶ್ನೆಗೆ ಮರಳೋಣ. ಆಟದ ಕೋವಿ ಖಾಲಿಯಾಗಿ, ಬೀಗದೊಳಗೆ, ತೋಟಾದಿಂದ ದೂರ ಇರಬೇಕು. ಕಾವಲಿನ ಕೋವಿ ಕೈಗೆಟಕುವಲ್ಲಿ, ತುಂಬಿ ಅಥವಾ ತುಂಬಲು ಸಿದ್ಧವಾಗಿ ಇರಬೇಕು, ಇಲ್ಲದಿದ್ದರೆ ಅದು ಕಾವಲೇ ಅಲ್ಲ. ಒಂದೇ ವಸ್ತುವನ್ನು ಈ ಎರಡು ಕಡೆ ಇಡಲಾಗದು. ಬೀಗ ಹಾಕಿದರೆ ಅಪ್ಪನಿಗೆ ಸಮಾಧಾನವಿಲ್ಲ, ಮಂಚದ ಪಕ್ಕ ಇಟ್ಟರೆ ಅಜ್ಜಿಗೆ ನಿದ್ದೆಯಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ. ಕುಡಿದು ಬರುವ ದಿನಗಳಿವೆ, ಅಣ್ಣತಮ್ಮಂದಿರು ಜಮೀನಿನ ಗಡಿಗಾಗಿ ಕೂಗಾಡುವ ದಿನಗಳಿವೆ, ಯಾರೊಂದಿಗೂ ಹೇಳಿಕೊಳ್ಳದೆ ಒಬ್ಬರು ಮೂಲೆಯಲ್ಲಿ ಕುಗ್ಗಿ ಕೂರುವ ದಿನಗಳೂ ಇವೆ. ಇಂಥ ದಿನ ಕೈಗೆ ಸಿಕ್ಕ ಕೋವಿ ತನ್ನನ್ನು ಆಟಕ್ಕೆಂದು ಕೊಂಡದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಸಿಟ್ಟು ಕಾಲು ಗಂಟೆಯಲ್ಲಿ ಇಳಿಯುತ್ತದೆ. ಬೀಗ ತೆಗೆದು, ಇನ್ನೊಂದು ಕೋಣೆಯಿಂದ ತೋಟಾ ತರಬೇಕಾದ ಮನೆಯಲ್ಲಿ ಆ ಕಾಲು ಗಂಟೆ ಸಿಗುತ್ತದೆ.

ಗಡಿಯಾಚೆ ಕೊಡಗಿನ ನೆರೆಯವರನ್ನು ನೋಡಿ ಎಂದು ಕೆಲವರು ಹೇಳುತ್ತಾರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಕೋವಿಗೆ ಪರವಾನಗಿಯ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಅಲ್ಲಿ ಕೋವಿಯ ಸುತ್ತ ಹಿರಿಯರು, ಹಬ್ಬ, ಮನೆತನದ ಮರ್ಯಾದೆ ಎಂಬ ಬೇಲಿಗಳಿವೆ. ಅಂಗಡಿಯಿಂದ ಕೋವಿ ತರಬಹುದು, ಆ ಬೇಲಿಯನ್ನು ತರಲಾಗದು. ನಾವು ನಮ್ಮದನ್ನು ನಾವೇ ಕಟ್ಟಿಕೊಳ್ಳಬೇಕು.

ಕಾನೂನು ಈ ಕೆಲಸವನ್ನು ನಮಗಾಗಿ ಪೂರ್ತಿ ಮಾಡಿಕೊಡುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಕ್ಷಣೆ, ಕ್ರೀಡೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೆಳೆ ಕಾಯುವ, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಅದು ಬೇರೆಯಾಗಿ ಹೆಸರಿಸುತ್ತದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಎಷ್ಟು ಎಂಬುದನ್ನು ಕಾನೂನು ಹೇಳುತ್ತದೆ. ಸಿಟ್ಟು ಬಂದ ದಿನ ಅದು ಎಲ್ಲಿರಬೇಕೆಂಬುದನ್ನು ಮನೆಯವರೇ ಕೂತು ತೀರ್ಮಾನಿಸಬೇಕು.

ಆದ್ದರಿಂದ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಮೊದಲು ಒಂದು ವರ್ಷ ಕ್ಲಬ್ಬಿನ ಕೋವಿಯಲ್ಲಿ, ಕಲಿಸುವವರ ಕಣ್ಣೆದುರು ಹೊಡೆ. ಆಸೆ ಉಳಿದರೆ ಅಳತೆ ತೆಗೆಸು. ಕೊಳ್ಳುವುದಾದರೆ ಆಟಕ್ಕೆ ಮಾತ್ರ ಆಗುವ ಕೋವಿಯನ್ನು ಕೊಳ್ಳು, ಅದನ್ನು ಬೇರೆ ಯಾವುದಕ್ಕೂ ಎತ್ತುವುದಿಲ್ಲವೆಂದು ಮನೆಯವರೆದುರು ಹೇಳು. ಕೋವಿಯ ಬೆಲೆ ಕೇಳುವ ಮೊದಲು ಕಬ್ಬಿಣದ ಪೆಟ್ಟಿಗೆಯ ಬೆಲೆ ಕೇಳು. ಆಟಕ್ಕೆ ಸುರಿಯುವ ಹಣದಲ್ಲಿ ಅಪ್ಪನ ತೋಟದ ಬೇಲಿಗೂ ಒಂದು ಪಾಲು ತೆಗೆದಿಡು. ಹಂದಿಯ ಕಾಟಕ್ಕೆ ಮಗ ಕೊಡಬಹುದಾದ ಉತ್ತರ ಅದೇ.

ಅವನು ಎಲ್ಲವನ್ನೂ ಒಪ್ಪಲಿಲ್ಲ. ಬೇಲಿಯ ಮಾತಿಗೆ ಅಪ್ಪ ನಕ್ಕರು, ಕಾವಲಿನ ಮಾತನ್ನು ಅವರಿನ್ನೂ ಬಿಟ್ಟಿಲ್ಲ. ಮೊನ್ನೆ ಬೆಂಗಳೂರಿನಿಂದ ಹುಡುಗ ಫೋನ್ ಮಾಡಿದ್ದ. ಕೋವಿ ಇನ್ನೂ ಕೊಂಡಿಲ್ಲವಂತೆ. ಪೆಟ್ಟಿಗೆಯನ್ನು ಯಾವ ಗೋಡೆಗೆ ಬಿಗಿಯಬಹುದೆಂದು ಅಜ್ಜಿಯನ್ನು ಕೇಳಲು ಹೇಳಿದ. ಅಜ್ಜಿ ಮನೆಯೆಲ್ಲ ಒಂದು ಸುತ್ತು ಬಂದರು. ಇನ್ನೂ ಜಾಗ ತೋರಿಸಿಲ್ಲ.