ಕುದುರೆಯ ಕಿವಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆ ಟಾಂಗಾದ ಕಾಲ ಮುಗಿಯಿತು. ಈಗ ಕುದುರೆ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮದುವೆಯ ಮೆರವಣಿಗೆಯಲ್ಲಿ. ಅಂಥ ಎರಡು ಮೆರವಣಿಗೆಗಳು ಒಂದೇ ಚೌಕಿನಲ್ಲಿ ಎದುರಾದುವೆನ್ನಿ. ಬಾಜಾಬಜಂತ್ರಿಗೆ ಬೆದರದ ಕುದುರೆ ಎದುರಿನ ಕುದುರೆಯನ್ನು ಕಂಡೊಡನೆ ಕತ್ತೆತ್ತಿ ಕೆನೆಯುತ್ತದೆ. ಬೆನ್ನ ಮೇಲಿರುವ ಮದುಮಗನನ್ನು ಮರೆತೇ ಬಿಡುತ್ತದೆ. ಮದುಮಗ ಜೀನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ, ಕುದುರೆಯವನು ಲಗಾಮು ಜಗ್ಗುತ್ತಾನೆ, ನೆರೆದವರು ನಗುತ್ತಾರೆ. ನಗೆ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಬೇರೆ ಕಡೆ ಹೊರಳಿದ ಮನಸ್ಸನ್ನು ನಮ್ಮ ಕಡೆ ತಿರುಗಿಸಿಕೊಳ್ಳುವ ಅಧಿಕಾರ ನಮಗೆ ಎಲ್ಲಿಂದ ಬಂದೀತು?

ಕುದುರೆಯದು ತಪ್ಪೆನ್ನುವಂತಿಲ್ಲ. ಅದು ಹಿಂಡಿನ ಪ್ರಾಣಿ. ಬಯಲಿನಲ್ಲಿ ಬಾಳಿದ ಅದರ ಪೂರ್ವಿಕರಿಗೆ ಹಿಂಡೇ ಕೋಟೆ, ಹಿಂಡೇ ಕಾವಲು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ತನ್ನ ಸುತ್ತಲನ್ನು ಬಹುಮಟ್ಟಿಗೆ ಒಮ್ಮೆಲೇ ಕಾಣಬಲ್ಲದು; ಒಂದೊಂದು ಕಿವಿಯನ್ನು ಒಂದೊಂದು ಕಡೆಗೆ ತಿರುಗಿಸಬಲ್ಲದು. ಇನ್ನೊಂದು ಕುದುರೆಯತ್ತ ನೋಡುವುದನ್ನು ನಾವು ಚಾಪಲ್ಯವೆಂದು ಕರೆದರೂ ಅದಕ್ಕೆ ಅದು ಪ್ರಾಣರಕ್ಷಣೆಯ ವಿದ್ಯೆ.

ಈ ವಿದ್ಯೆಯ ಎದುರು ಮನುಷ್ಯ ಹೂಡಿದ ಉಪಾಯಗಳು ಮೂರು. ಮೊದಲನೆಯದು, ಕಣ್ಣಿನ ಪಕ್ಕದಲ್ಲಿ ತೊಗಲಿನ ಪಟ್ಟಿ ಕಟ್ಟುವುದು. ಹಿಂದೆ ಉರುಳುವ ಗಾಲಿಗೆ ಬೆದರದಿರಲೆಂದು ಟಾಂಗಾದ ಕುದುರೆಗೆ ಇದು ಬೇಕಾಗಿತ್ತು. ಆದರೆ ಪಟ್ಟಿ ಕಟ್ಟಿಸಿಕೊಂಡ ಕುದುರೆ ಬೇರೆಯದನ್ನು ಕಾಣದು, ಅಷ್ಟೇ. ಸವಾರನನ್ನು ಗಮನಿಸುತ್ತದೆಂದು ಹೇಳಲಾಗದು. ಎರಡನೆಯದು, ಕಡಿವಾಣ ಜಗ್ಗುವುದು. ಇದರಿಂದ ಇನ್ನೊಂದು ಕುದುರೆ ಕಂಡಾಗಲೆಲ್ಲ ತನ್ನ ಬಾಯಿ ನೋಯುತ್ತದೆಂಬ ಪಾಠವನ್ನು ಅದು ಕಲಿಯುತ್ತದೆ; ಮುಂದಿನ ಸಲ ಇನ್ನಷ್ಟು ತಳಮಳಿಸುತ್ತದೆ.

ಮೂರನೆಯದು ಬಲ್ಲ ಸವಾರನ ದಾರಿ. ಕುದುರೆಗೆ ಇನ್ನೂ ತನ್ನ ಮಾತು ಕೇಳಿಸುವಷ್ಟು ದೂರದಲ್ಲಿ ಅವನು ಅದನ್ನು ನಿಲ್ಲಿಸುತ್ತಾನೆ. ಒಂದು ಸಣ್ಣ ತಿರುವು, ಎರಡು ನಿಧಾನದ ಹೆಜ್ಜೆ, ಹೀಗೆ ಮಾಡಲಾಗುವಂಥ ಕೆಲಸವನ್ನೇ ಕೇಳುತ್ತಾನೆ. ಕಿವಿಯೊಂದು ತನ್ನತ್ತ ಹೊರಳಿದೊಡನೆ ಲಗಾಮು ಸಡಿಲಿಸುತ್ತಾನೆ. ದಿನದಿನಕ್ಕೂ ಆ ದೂರ ಕಡಿಮೆಯಾಗುತ್ತದೆ. ಒಂದು ಕಿವಿ ಗೆಳೆಯರತ್ತ, ಒಂದು ಕಿವಿ ತನ್ನತ್ತ ಇದ್ದರೆ ಅವನಿಗೆ ಅಷ್ಟು ಸಾಕು.

ಇದು ಹೊಸ ಅರಿವೇನಲ್ಲ. ಬಲವಂತದಿಂದ ಮಾಡಿಸಿದ್ದನ್ನು ಕುದುರೆ ಅರಿಯದೆ ಮಾಡುತ್ತದೆ, ಅದರಲ್ಲಿ ಸೊಗಸಿರದು ಎಂದು ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಬರೆದ. ನಮ್ಮ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 1129ರ ಸುಮಾರಿನದು. ಕುದುರೆಯೇರಿ ಚೆಂಡಾಡುವ ವಿನೋದ ಅದರಲ್ಲಿ ಬರುತ್ತದೆ. ಕುದುರೆಗಳ ನಡುವೆ ಕುದುರೆ ನುಗ್ಗುವ ಆಟ ಅದು. ಕಣ್ಣು ಕಟ್ಟಿದ ಕುದುರೆ ಅಲ್ಲಿ ಒಂದು ಗಳಿಗೆಯೂ ನಿಲ್ಲಲಾರದು. ಎಲ್ಲವನ್ನೂ ಕಾಣುತ್ತಿದ್ದು ತನ್ನ ಸವಾರನ ಮಾತು ಕೇಳುವ ಕುದುರೆಯೇ ಅಲ್ಲಿ ಬೇಕು.

“ನಿಮ್ಮ ಮಾತು ಚೆನ್ನಾಗಿದೆ, ಆದರೆ ಓಡುವ ಕುದುರೆಯ ದಾರಿಯಲ್ಲಿ ಮಗುವೊಂದು ನಿಂತಿದ್ದರೆ?” ಎಂದು ಓದುಗರು ಕೇಳಬಹುದು. ಆಗ ಇದ್ದ ಬಲವನ್ನೆಲ್ಲ ಹಾಕಿ ಲಗಾಮು ಎಳೆಯಬೇಕು, ಅನುಮಾನವೇ ಬೇಡ. ಆದರೆ ಆ ಎಳೆತ ಮಗುವನ್ನು ಉಳಿಸೀತೇ ಹೊರತು ಕುದುರೆಗೆ ಏನನ್ನೂ ಕಲಿಸದು. ದಿನವೂ ಅದನ್ನೇ ನೆಚ್ಚಿಕೊಂಡವನು ಸವಾರಿಯನ್ನು ಕಲಿತವನಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. “ಅತ್ತ ನೋಡಬೇಡ, ನನ್ನ ಮಾತು ಕೇಳು” ಎನ್ನುವ ಸವಾರ ನಿಜವಾಗಿ ಕೇಳುತ್ತಿರುವುದು ಬಹು ದೊಡ್ಡದನ್ನು. ಹಿಂಡಿನ ನಡುವೆ ಕುದುರೆಗಿದ್ದ ಅಭಯವನ್ನು ಬಿಟ್ಟು ತನ್ನೊಬ್ಬನನ್ನು ನೆಚ್ಚೆಂದು ಕೇಳುತ್ತಾನೆ. ಹಾಗಾದರೆ ಹಿಂಡಿನ ಹೊಣೆಯೂ ಅವನ ಹೆಗಲಿಗೇ ಬರಬೇಕು. ಕುದುರೆಯ ಪರವಾಗಿ ಅವನು ಕಾವಲಿರಬೇಕು, ಆಗದ್ದನ್ನು ಕೇಳಕೂಡದು, ತಾನೇ ಇನ್ನೊಬ್ಬನ ಕುದುರೆಯ ಚೆಲುವನ್ನು ನೋಡುತ್ತ ಕುಳಿತಿರಕೂಡದು. ಈ ಹೊಣೆಯನ್ನು ಹೊತ್ತವನಿಗೆ ಮಾತ್ರ ಆ ಅಧಿಕಾರ.

ಮನೆಗೂ ಶಾಲೆಗೂ ಇದೇ ನ್ಯಾಯ. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಶಾಲೆಯ ವ್ಯವಸ್ಥೆಯನ್ನು ಹೇಳುತ್ತದೆ: ವೇದವನ್ನೋದುವ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರಗಳನ್ನೋದುವವರು ಬೇರೆ, ಉಪಾಧ್ಯಾಯರು, ಪುಸ್ತಕಗಳನ್ನು ಕಾಯಲು 6 ಮಂದಿ ಸರಸ್ವತೀ ಭಂಡಾರಿಗಳು. ಹುಡುಗರ ಗಮನವನ್ನು ಕೇಳುವ ಮೊದಲು ಅದಕ್ಕೆ ಬೇಕಾದ ಆಸರೆಯನ್ನು ಆ ಹಿರಿಯರು ಕಟ್ಟಿಕೊಟ್ಟಿದ್ದರು. ನಾವೋ, ನೆರೆಮನೆಯ ಹುಡುಗನ ಅಂಕಗಳನ್ನು ದಿನವೂ ಎಣಿಸುತ್ತ, ನಮ್ಮ ಮಗನ ಮನಸ್ಸು ಮಾತ್ರ ಅತ್ತಿತ್ತ ಹರಿಯಬಾರದೆನ್ನುತ್ತೇವೆ. ವೇದಿಕೆಯೇರಿದ ಮುಂದಾಳು ಬೇರೆ ಯಾರ ಮಾತೂ ನಮ್ಮ ಕಿವಿಗೆ ಬೀಳದಿರಲೆಂದು ಬಯಸಿದಾಗ, ಅವನ ಕೈಯಲ್ಲಿರುವುದು ತೊಗಲಿನ ಪಟ್ಟಿಯೆಂದು ನಾವು ತಿಳಿಯಬೇಕು.

ಮಗನ ಕಣ್ಣು ಕಿಟಕಿಯಾಚೆ ಹೋದರೆ ಹೋಗಲಿ. ನಮ್ಮತ್ತ ತಿರುಗಿದ ಅವನ ಕಿವಿಗೆ ಹೇಳಲು ನಮ್ಮಲ್ಲಿ ಏನಿದೆಯೆಂಬುದನ್ನು ಮೊದಲು ನೋಡಿಕೊಳ್ಳೋಣ.